ಗಾಜಿನ ಹಿಂದಿನ ಬೆವರು

ಜನವರಿ ೭

ಅಪ್ಪಾ,

ಕೂತುಕೊಂಡು ಓದಿ. ನಿಂತು ಓದಿದರೆ ನಿಮ್ಮ ಮಂಡಿಗೂ ಒಳ್ಳೆಯದಲ್ಲ, ಈ ಸುದ್ದಿಗೂ ಒಳ್ಳೆಯದಲ್ಲ. ಕೂತಿರಾ? ನನಗೆ ಮನೆ ಸಿಕ್ಕಿದೆ! ಬಾಡಿಗೆಗಲ್ಲ, ಕೊಂಡುಕೊಳ್ಳುವುದಕ್ಕೆ! ನಲವತ್ತು ತುಂಬುವುದಕ್ಕೆ ಇನ್ನೂ ಎರಡು ವರ್ಷ ಇರುವಾಗಲೇ ನನ್ನದೇ ಬಾಗಿಲು, ನನ್ನದೇ ಬೀಗ. ಫೋನ್ ಮಾಡಿ ಕೂಗಿ ಹೇಳೋಣ ಎಂದುಕೊಂಡೆ. ಆದರೆ ನಿಮ್ಮ ಕಿವಿಗೂ ಫೋನಿಗೂ ಆಗಿಬರುವುದಿಲ್ಲವಲ್ಲ. ಹೋದ ಸಲ "ಮಂಡಿ ನೋವು ಹೇಗಿದೆ" ಎಂದು ಕೇಳಿದ್ದಕ್ಕೆ "ಗುರುವಾರ" ಎಂದಿರಿ. ಅದಕ್ಕೇ ಕಾಗದ.

ಹಳೆಯ ಮೂರಂತಸ್ತಿನ ಕಟ್ಟಡ. ಇದು ಎಲ್ಲಕ್ಕಿಂತ ಕೆಳಗಿನದು, ನೆಲಮಾಳಿಗೆ. ಹುಬ್ಬು ಗಂಟಿಕ್ಕಬೇಡಿ, ಮುಂದೆ ಓದಿ! ಬೀದಿಯಿಂದ ಒಂಬತ್ತು ಮೆಟ್ಟಿಲು ಇಳಿದರೆ ಬಾಗಿಲು. ಮುಂದಿನ ಕೋಣೆಯ ಕಿಟಕಿಯಲ್ಲಿ ಬೀದಿಯವರ ಕಾಲು ಮಾತ್ರ ಕಾಣುತ್ತದೆ. ನಿನ್ನೆ ಒಂದು ಗಂಟೆ ಅಲ್ಲೇ ನಿಂತು ಚಪ್ಪಲಿ, ಶೂ, ಒಂದು ನಾಯಿಯ ನಾಲ್ಕು ಪಾದ ಎಲ್ಲ ನೋಡಿದೆ. ನಡುವಿನ ಕೋಣೆ ದೊಡ್ಡದು. ಪುಸ್ತಕ ಕಟ್ಟುವ ನನ್ನ ಕಬ್ಬಿಣದ ಪ್ರೆಸ್ಸು, ರಟ್ಟು ಕತ್ತರಿಸುವ ಮೇಜು, ಹೊಲಿಗೆ ಚೌಕಟ್ಟು ಮೂರೂ ಹಿಡಿಯುತ್ತವೆ. ಆ ಪ್ರೆಸ್ಸಿನ ಭಾರ ಕೇಳಿದ ಕೂಡಲೇ ಮಹಡಿ ಮನೆಯವರೆಲ್ಲ ಬಾಗಿಲು ಹಾಕಿಕೊಳ್ಳುತ್ತಾರೆ. ಇಲ್ಲಿ ಕೆಳಗೆ ಯಾರೂ ಇಲ್ಲ, ಭೂಮಿತಾಯಿ ಒಬ್ಬಳೇ. ಹಿಂದಿನ ಕೋಣೆ ಮಲಗುವುದಕ್ಕೆ. ಅದರಾಚೆ ಹಿತ್ತಲು, ಅದು ಬೀದಿಗಿಂತ ತಗ್ಗಿನಲ್ಲಿದೆ. ಪಕ್ಕದಲ್ಲಿ ಅಡಿಗೆಮನೆ.

ಮಾರುವವರು ಮೇಲಿನ ಮಹಡಿಯ ಟೀಚರಮ್ಮ. ಮೂವತ್ತು ವರ್ಷ ಗಣಿತ ಹೇಳಿ ನಿವೃತ್ತಿಯಾದವರು. "ನೋಡಮ್ಮ, ಇನ್ನೊಬ್ಬರು ಪೈಪು ತುಂಬಿಡೋಕೆ ಗೋದಾಮು ಮಾಡ್ತೀನಿ ಅಂತಿದ್ದಾರೆ. ನನಗೆ ಕೆಳಗೆ ಪೈಪು ಬೇಡ, ಮನುಷ್ಯರು ಬೇಕು. ಫೆಬ್ರವರಿ ಅರ್ಧದವರೆಗೆ ಕಾಯ್ತೀನಿ" ಎಂದಿದ್ದಾರೆ.

ಒಂದು ಚಿಕ್ಕ ವಿಷಯ. ಹಿಂದಿನ ಕೋಣೆಯಲ್ಲಿ ಸ್ವಲ್ಪ ವಾಸನೆ ಇದೆ. ಒದ್ದೆ ಗೋಣಿಚೀಲದ ಹಾಗೆ. ಸ್ವಲ್ಪವೇ. ನಲವತ್ತು ವರ್ಷ ಗಾರೆ ಮೇಸ್ತ್ರಿಯಾಗಿ ಗೋಡೆಗಳ ಜೊತೆ ಬಾಳಿದವರು ನೀವು. ನೀವು ಹೂಂ ಎಂದರೆ ಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ. ಹೂಂ ಅನ್ನಿ!

ಕುಣಿಯುತ್ತಿರುವ,
ಚಿನಕುರಳಿ


ಜನವರಿ ೧೫

ಚಿನಕುರಳಿ,

ಊಹೂಂ.

ನಿನಗೆ ತಲೆ ಇದೆಯಾ? ಒಂಬತ್ತು ವರ್ಷದವಳಿದ್ದಾಗ ನಿನ್ನನ್ನು ಚಿಕ್ಕಮ್ಮನ ಮನೆಗೆ ಯಾಕೆ ಕಳಿಸಿದೆವು? ಎದೆ ಗೊರಗೊರ ಎಂದು ರಾತ್ರಿಯಿಡೀ ಕೆಮ್ಮುತ್ತಿದ್ದೆ, ಹವೆ ಬದಲಾಗಲಿ ಎಂದು ತಾನೆ? ಆ ಎದೆ ಇಟ್ಟುಕೊಂಡು ಈಗ ನೆಲದೊಳಗೆ ಇಳಿದು ಮಲಗುತ್ತೇನೆ ಎನ್ನುತ್ತೀಯಲ್ಲ! ನೀನು ಕಟ್ಟುವ ಪುಸ್ತಕಗಳೂ ಕಾಗದದವೇ, ಅವಕ್ಕೂ ಬೂಷ್ಟು ಹಿಡಿಯುತ್ತದೆ. "ಸ್ವಲ್ಪ ವಾಸನೆ" ಅಂತೆ. ಗೋಡೆಯ ವಿಷಯದಲ್ಲಿ ಸ್ವಲ್ಪ ಎನ್ನುವುದೇ ಇಲ್ಲ. ಮನೆ ಮಾರುವವರು ಹೇಳುವ ಮಾತು ಅದು, ಕೊಳ್ಳುವವರು ಹೇಳುವುದಲ್ಲ.

ಕಾಗದ ಇಲ್ಲಿಗೆ ಮುಗಿಸಿ, ಮಡಿಸಿ, ಲಕೋಟೆಗೆ ಹಾಕಿದೆ. ಆಮೇಲೆ ತೆಗೆದೆ. ಕೈ ಸುಮ್ಮನಿರುವುದಿಲ್ಲ.

ಮೊದಲು ಒಂದು ತಿಳಿದುಕೊಳ್ಳಬೇಕು. ತೇವ ಕೋಣೆಯ ಗಾಳಿಯದಾ, ಗೋಡೆಯದಾ? ಕಿಟಕಿ ತೆಗೆಯದೆ, ಒಲೆ ಹೊತ್ತಿಸದೆ ಬಿಟ್ಟ ಮನೆಯಲ್ಲಿ ಗಾಳಿಯ ತೇವ ತಣ್ಣನೆಯ ಗೋಡೆಗೆ ಕೂರುತ್ತದೆ. ಅದಕ್ಕೆ ಗೋಡೆ ಏನು ಮಾಡೀತು? ಅಂಗೈಯಗಲದ ಗಾಜಿನ ತುಂಡುಗಳನ್ನು ತಗೋ. ಎಲ್ಲ ಗೋಡೆಗೂ ಒಂದೊಂದು ಹಚ್ಚು. ಸುತ್ತ ಒಂದಿಷ್ಟೂ ಸಂದಿಲ್ಲದ ಹಾಗೆ ಮುಚ್ಚು. ಹತ್ತು ದಿನ ಬಿಟ್ಟು ನೋಡು. ಗಾಜಿನ ಮುಂಭಾಗ, ಅಂದರೆ ನಿನ್ನ ಕಡೆ ಬೆವರಿದ್ದರೆ ಗಾಳಿಯದು. ಹಿಂಭಾಗ ಬೆವರಿದ್ದರೆ ಗೋಡೆಯದು. ನಮ್ಮ ಗುರು ಕಲಿಸಿದ ಉಪಾಯ, ಇವತ್ತಿನವರೆಗೂ ಸುಳ್ಳಾಗಿಲ್ಲ.

ನಾನು ಹೂಂ ಅಂದಿಲ್ಲ. ನೆನಪಿರಲಿ.

ನಿನ್ನ ಕಿವುಡಪ್ಪ


ಫೆಬ್ರವರಿ ೨

ಅಪ್ಪಾ,

ಲಕೋಟೆಯಿಂದ ಕಾಗದ ತೆಗೆದಿರಲ್ಲ, ಆಗಲೇ ಗೊತ್ತಾಯಿತು ಅಪ್ಪ ಅರ್ಧ ದಾರಿಗೆ ಬಂದರು ಅಂತ!

ನೀವು ಹೇಳಿದ ಹಾಗೆಯೇ ಮಾಡಿದೆ. ಗಾಜಿನಂಗಡಿಯಲ್ಲಿ ಏಳು ತುಂಡು ಕತ್ತರಿಸಿ ತಂದೆ. ಮೂರು ಹಿಂದಿನ ಕೋಣೆಗೆ, ಎರಡು ಅಡಿಗೆಮನೆಗೆ, ಒಂದು ಮುಂದೆ, ಒಂದು ಕೋಣೆ ಕೋಣೆಯ ನಡುವಿನ ಒಳಗೋಡೆಗೆ. ಸುತ್ತ ಕೂದಲೆಳೆಯಷ್ಟೂ ಸಂದು ಬಿಟ್ಟಿಲ್ಲ. ಅಂಟಿಸುವ ಕೆಲಸದಲ್ಲಿ ನಿಮ್ಮ ಮಗಳನ್ನು ಮೀರಿಸುವವರು ಯಾರಿದ್ದಾರೆ? ಟೀಚರಮ್ಮ ದಿನಾ ಮೇಲಿಂದ ಇಳಿದು ಬಂದು, ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆ ಕೊಠಡಿಯಲ್ಲಿ ಓಡಾಡಿದ ಹಾಗೆ ಏಳನ್ನೂ ನೋಡಿ ಹೋಗುತ್ತಾರೆ. "ನಿಮ್ಮಪ್ಪನ ಪ್ರಯೋಗ ನಮ್ಮ ವಿಜ್ಞಾನದ ಮೇಷ್ಟ್ರಿಗಿಂತ ಚೆನ್ನಾಗಿದೆ" ಎನ್ನುತ್ತಾರೆ.

ನಡುವೆ ಗೋಡೆ ಡಾಕ್ಟರೊಬ್ಬರು ಬಂದಿದ್ದರು. ಟೈ ಕಟ್ಟಿದ್ದರು. ಕೈಯಲ್ಲಿ ಎರಡು ಮುಳ್ಳಿನ ಯಂತ್ರ, ಎಲ್ಲಿ ಚುಚ್ಚಿದರೂ ಕೀಂ ಕೀಂ. ಬಾಗಿಲಿನ ಮರಕ್ಕೆ ಚುಚ್ಚಿದರೂ ಕೀಂ! ಗೋಡೆಗಳ ಬುಡಕ್ಕೆಲ್ಲ ತೂತು ಹೊಡೆದು ಔಷಧಿ ತುಂಬಬೇಕಂತೆ, ಇವತ್ತೇ ಸಹಿ ಹಾಕಬೇಕಂತೆ. ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದೆ. "ಈ ವಯಸ್ಸಲ್ಲೂ ಅಪ್ಪನ್ನ ಕೇಳ್ತೀರಾ ಮೇಡಂ?" ಎಂದರು. ಹೌದು, ಏನೀಗ?

ಇವತ್ತು ಹತ್ತನೇ ದಿನ. ಅಪ್ಪಾ, ಏಳಕ್ಕೆ ಏಳೂ ಹಿಂಭಾಗವೇ ಬೆವರಿವೆ. ಹನಿ ಹನಿಯಾಗಿ. ಒಳಗೋಡೆಯದೂ. ಇದು ಒಳ್ಳೆಯದಾ, ಕೆಟ್ಟದ್ದಾ? ಬೇಗ ಬರೆಯಿರಿ.

ಉಗುರು ಕಚ್ಚುತ್ತಿರುವ,
ಚಿನಕುರಳಿ


ಫೆಬ್ರವರಿ ೮

ಮಗಳೇ,

ಕೆಟ್ಟದ್ದು.

ಹೊರಗೋಡೆ ಬೆವರಿದ್ದರೆ ದಾರಿ ಇತ್ತು. ಒಳಗೋಡೆಯೂ ಬೆವರಿದೆ ಎಂದರೆ ಆ ಮನೆಯ ತಳದಲ್ಲೇ ನೀರು ನಿಂತಿದೆ. ಅಂಥದ್ದನ್ನು ಯಾವ ಮೇಸ್ತ್ರಿಯೂ ಒಣಗಿಸಲಾರ. ಬೇಡ, ಬಿಟ್ಟುಬಿಡು. ನಿನ್ನ ಮೊದಲ ಕಾಗದ ಓದಿ ಎರಡು ದಿನ ನಾನೂ ಆ ಕಿಟಕಿಯ ಕಾಲುಗಳನ್ನೇ ನೆನೆಸಿಕೊಂಡಿದ್ದೆ. ಬೇಜಾರು ಮಾಡಿಕೊಳ್ಳಬೇಡ ಎನ್ನುವುದಿಲ್ಲ, ಮಾಡಿಕೋ. ಆದರೆ ಬಿಡು.

ಅಪ್ಪ


ಫೆಬ್ರವರಿ ೧೪

ಅಪ್ಪಾ,

ಬಿಟ್ಟೆ.

ನಿನ್ನೆ ಹೋಗಿ ಹೇಳಿದೆ. ಟೀಚರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಸರಿ ಬಿಡು, ಪೈಪಿನವರಿಗೆ ವಾರ ಬಿಟ್ಟು ಹೇಳ್ತೀನಿ" ಎಂದರು. ನಾನು ಕೆಳಗಿಳಿದು ನಾಲ್ಕನೇ ಮೆಟ್ಟಿಲ ಮೇಲೆ ಕೂತು ಅತ್ತೆ. ಚಿಕ್ಕ ಮಗುವಿನ ಹಾಗೆ ಮೂಗು ಒರೆಸಿಕೊಂಡು ಅತ್ತೆ. ಈ ಬಾಡಿಗೆ ಕೋಣೆಯನ್ನು ಜೂನಿನಲ್ಲಿ ಬಿಡಲೇಬೇಕು. ಪ್ರೆಸ್ಸನ್ನು ತಲೆ ಮೇಲೆ ಹೊತ್ತುಕೊಂಡು ಎಲ್ಲಿಗೆ ಹೋಗಲಿ?

ಗಾಜುಗಳನ್ನು ಕಿತ್ತುಕೊಂಡು ಬಂದೆ. ಆ ಮನೆ ಎಷ್ಟು ಕೆಟ್ಟದ್ದು ಎಂದರೆ, ಗಾಜಿನ ಅಂಚಿಗೆಲ್ಲ ಹಸಿರು ಬೂಷ್ಟು ಗಡ್ಡದ ಹಾಗೆ ಬೆಳೆದಿತ್ತು. ಟೀಚರಮ್ಮ ಇಣುಕಿ ನೋಡಿ, "ಇದೇನಮ್ಮ, ಗೋಡೆಗೆ ಊಟ ಹಾಕಿದ್ದೀಯಾ?" ಎಂದು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ. ಎರಡು ಬಟ್ಟಲು ಒಳ್ಳೆಯ ಮೈದಾ ಅಂಟು ದಂಡವಾಯಿತು, ಮಾರನೇ ದಿನದ ಪುಸ್ತಕಗಳಿಗೆಂದು ಕುದಿಸಿ ಇಟ್ಟಿದ್ದೆ.

ಇರಲಿ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ.

ನಿಮ್ಮ ಮಗಳು


ಫೆಬ್ರವರಿ ೧೯. ಅಂಚೆಯವರನ್ನು ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ.

ಚಿನಕುರಳೀ,

ಯಾವ ಅಂಟು???

ಹಿಟ್ಟು ನೀರಿಗೆ ಕಲಸಿ, ಕುದಿಸಿ, ಹಸಿಹಸಿಯಾಗಿ ಗಾಜಿನ ಸುತ್ತ ಮೆತ್ತಿದೆಯಾ? ಅಯ್ಯೋ ನನ್ನ ಜಾಣೆ! ಎರಡು ಬಟ್ಟಲು ನೀರನ್ನು ನೀನೇ ಗಾಜಿನ ಹಿಂದೆ ಕೂಡಿಹಾಕಿ, ಗೋಡೆ ಬೆವರಿತು ಎಂದು ಗೋಡೆಯ ಮೇಲೆ ಹೊರಿಸಿದೆಯಾ? ಅದು ಬೆವರಿದ್ದು ನಿನ್ನ ಅಂಟು ಕಣೇ! ಬೂಷ್ಟು ಬಂದಿದ್ದೂ ಹಿಟ್ಟಿಗೆ! ಇಲ್ಲಿ ಒಬ್ಬನೇ ಕೂತು ಹೊಟ್ಟೆ ಹುಣ್ಣಾಗುವ ಹಾಗೆ ನಗುತ್ತಿದ್ದೇನೆ, ಅಂಚೆಯವರು ಗಾಬರಿಯಾಗಿದ್ದಾರೆ.

ತಪ್ಪು ನನ್ನದೂ ಹೌದು. ಯಾವುದರಿಂದ ಮುಚ್ಚಬೇಕು ಎಂದು ಬರೆಯಲಿಲ್ಲ. ಗಾಜಿನ ಅಂಚಿಗೆ ಎಣ್ಣೆಯಲ್ಲಿ ಕಲಸಿದ ಪುಟ್ಟಿ ಬಿಟ್ಟು ಬೇರೆ ಏನಾದರೂ ಹಚ್ಚುವವರು ಭೂಮಿಯ ಮೇಲೆ ಇರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಟೀಚರಮ್ಮನ ಹತ್ತಿರ ಓಡು. ಕಾಗದ ಮಡಿಸುತ್ತಾ ಕೂರಬೇಡ, ಓಡು!

ಅಪ್ಪ


ಮಾರ್ಚ್ ೪

ಅಪ್ಪಾ! ಅಪ್ಪಾ! ಅಪ್ಪಾ!

ಓಡಿದೆ. ಚಪ್ಪಲಿ ಒಂದು ಬೇರೆ, ಇನ್ನೊಂದು ಬೇರೆ ಹಾಕಿಕೊಂಡು ಓಡಿದೆ. ಟೀಚರಮ್ಮನ ಮನೆಯಲ್ಲಿ ಪೈಪಿನವರು ಕೂತು ಚಹಾ ಕುಡಿಯುತ್ತಿದ್ದರು! ನಾನು ಬಾಗಿಲಲ್ಲೇ ನಿಂತು, "ಟೀಚರಮ್ಮಾ, ಬೆವರಿದ್ದು ಗೋಡೆಯಲ್ಲ, ನನ್ನ ಅಂಟು!" ಎಂದು ಕಿರುಚಿದೆ. ಅವರು ಪೈಪಿನವರ ಕಡೆ ತಿರುಗಿ, "ಕ್ಷಮಿಸಿ, ಈ ಹುಡುಗಿ ಲೆಕ್ಕ ತಪ್ಪು ಮಾಡಿದ್ದಳು, ತಿದ್ದಿಕೊಳ್ಳೋಕೆ ಬಂದಿದ್ದಾಳೆ. ತಿದ್ದೋವರಿಗೆ ನಾನು ಯಾವತ್ತೂ ಸಮಯ ಕೊಟ್ಟಿದ್ದೀನಿ" ಎಂದರು. ಅವರ ಕಾಲಿಗೆ ಬೀಳುವುದೊಂದು ಬಾಕಿ.

ಈಗ ಕೇಳಿ. ಪುಟ್ಟಿಯಿಂದ ಏಳು ಗಾಜು, ಹತ್ತು ದಿನ. ಒಳಗೋಡೆ ಒಣಕಲು! ಮುಂದಿನ ಕೋಣೆ ಒಣಕಲು! ಅಡಿಗೆಮನೆಯಲ್ಲಿ ಗಾಜಿನ ಮುಂಭಾಗ ಬೆವರಿದೆ, ಅಲ್ಲಿ ಕಿಟಕಿಗೆ ಬಣ್ಣ ಬಳಿದು ಬಳಿದು ಅಂಟಿಹೋಗಿತ್ತು. ಚಾಕು ಆಡಿಸಿ ತೆಗೆದೆ. ಹಿಂದಿನ ಕೋಣೆಯಲ್ಲಿ ಹಿತ್ತಲ ಕಡೆಯ ಗೋಡೆ ಮಾತ್ರ ಹಿಂಭಾಗ ಬೆವರಿದೆ, ಅದೂ ಸೊಂಟದೆತ್ತರದವರೆಗೆ. ಅದರ ಮೇಲೆ ಇಟ್ಟ ಗಾಜು ಸ್ವಚ್ಛ.

ನೀವು ಕೇಳುವ ಮೊದಲೇ ಹಿತ್ತಲಿಗೆ ಹೋಗಿ ನೋಡಿದೆ. ಎಷ್ಟೋ ವರ್ಷದಿಂದ ಹೂವಿನ ಪಾತಿ ಎಂದು ಗೋಡೆಗೇ ಮಣ್ಣು ಸುರಿದಿದ್ದಾರೆ. ಹೊರಗಿನ ಮಣ್ಣು ಒಳಗಿನ ನೆಲಕ್ಕಿಂತ ಒಂದು ಮೊಳಕ್ಕಿಂತ ಮೇಲಿದೆ! ಗುದ್ದಲಿ ತಂದು ನಾನೇ ಕೆರೆದೆ. ಒಂದು ಗೇಣು ಕೆಳಗೆ ಟಣ್ ಎಂದಿತು. ಕಬ್ಬಿಣದ ಜಾಲರಿ ಅಪ್ಪಾ! ಗೋಡೆಯ ಬುಡಕ್ಕೆ ಗಾಳಿ ಹೋಗಲಿ ಎಂದು ಕಟ್ಟಿದವರು ಇಟ್ಟಿದ್ದು. ಮೂರು ಸಿಕ್ಕವು, ಮೂರೂ ಮಣ್ಣೊಳಗೆ. ಟೀಚರಮ್ಮ ಮೇಲಿನ ಕಿಟಕಿಯಿಂದ, "ಅಯ್ಯಯ್ಯೋ, ಅಲ್ಲಿ ಮಣ್ಣು ಹಾಕಿಸಿದ್ದು ನಾನೇ ಕಣಮ್ಮ!" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು.

ಆ ಗೋಡೆಯ ಗಾರೆಯ ಒಂದು ಚೂರು ಈ ಲಕೋಟೆಯಲ್ಲಿದೆ. ಕಲ್ಲಿನ ಹಾಗೆ ಗಟ್ಟಿ, ಕನ್ನಡಿಯ ಹಾಗೆ ನುಣುಪು. ಗೋಡೆಯನ್ನು ಬೆರಳಲ್ಲಿ ತಟ್ಟಿದರೆ ಡೊಳ್ಳಿನ ಹಾಗೆ ಟೊಳ್ಳು ಸದ್ದು. ಸಂದಿಯಲ್ಲಿ ಬಿಳಿ ಉಪ್ಪು. ನೋಡಿ ಹೇಳಿ. ಈ ಸಲ ಹೂಂ ಅನ್ನಿ, ದಯವಿಟ್ಟು ಹೂಂ ಅನ್ನಿ!

ಮೈಯೆಲ್ಲ ಮಣ್ಣಾದ,
ಚಿನಕುರಳಿ


ಮಾರ್ಚ್ ೧೨

ಚಿನಕುರಳಿ,

ಹೂಂ.

ತಗೋ. ಆ ಮನೆ ತಗೋ. ಅದಕ್ಕೆ ರೋಗವೇ ಇಲ್ಲ, ಉಸಿರು ಕಟ್ಟಿದೆ ಅಷ್ಟೇ. ಹಳೆಯ ಗೋಡೆ ಇಟ್ಟಿಗೆ ಮತ್ತು ಸುಣ್ಣದ್ದು. ಅದು ನೀರು ಕುಡಿಯುತ್ತದೆ, ಕುಡಿದದ್ದನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಯಾರೋ ಹೊರಗೆ ಮಣ್ಣು ಪೇರಿಸಿ ಕುಡಿಯುವುದನ್ನು ಹೆಚ್ಚು ಮಾಡಿದರು. ಒಳಗೆ ಸಿಮೆಂಟ್ ಬಳಿದು ಬಾಯಿ ಮುಚ್ಚಿದರು. ನೀರು ಒಳಗೊಳಗೇ ಸೊಂಟದವರೆಗೆ ಹತ್ತಿದೆ. ಮಣ್ಣು ತೆಗೆಸು, ಜಾಲರಿ ಬಿಡಿಸು, ಸಿಮೆಂಟ್ ಕಿತ್ತು ಇಟ್ಟಿಗೆಯನ್ನು ಬರಿಮೈಯಲ್ಲಿ ಮೂರು ತಿಂಗಳು ಒಣಗಲು ಬಿಡು, ಆಮೇಲೆ ಸುಣ್ಣದ ಗಾರೆ. ಔಷಧಿ ಚುಚ್ಚುವ ಟೈಯವರು ಇನ್ನೊಮ್ಮೆ ಬಂದರೆ ಬಾಗಿಲ ಮರಕ್ಕೆ ಔಷಧಿ ಕೊಡಲು ಹೇಳು.

ಕಾಗದ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನಾಲ್ಕು ದಿನದಿಂದ ನೀನು ಕಳಿಸಿದ ಚೂರು ಮೇಜಿನ ಮೇಲಿದೆ, ನಾನು ಅದರ ಎದುರು ಕೂತಿದ್ದೇನೆ.

ಅದು ನನ್ನ ಕೈಯ ಕೆಲಸವಲ್ಲ. ಆದರೆ ನನ್ನಂಥವನದೇ. ಮೇಲೆ ಸಿಮೆಂಟ್ ಹಾಲು ಎಳೆದು ಕರಣೆಯಲ್ಲಿ ತಿಕ್ಕಿ ತಿಕ್ಕಿ ಕನ್ನಡಿ ಮಾಡುವುದನ್ನು ನಮ್ಮ ಊರಿಗೆ ತಂದವನೇ ನಾನು. ಜನ ಗೋಡೆ ಸವರಿ ನೋಡಿ "ಏನು ಕೈ ಮೇಸ್ತ್ರಿ ನಿಂದು!" ಎನ್ನುತ್ತಿದ್ದರು. ನಾನು ಉಬ್ಬಿಹೋಗುತ್ತಿದ್ದೆ. ಮೊದಲು ಮಾಡಿದ್ದು ನಮ್ಮ ಮನೆಯಲ್ಲೇ, ಹಿಂದಿನ ಕೋಣೆಯಲ್ಲಿ, ಹಳೆಯ ಸುಣ್ಣದ ಗೋಡೆಯ ಮೇಲೆ. ಪ್ರತಿ ವರ್ಷ ಅದು ಬುಡದಲ್ಲಿ ಉಬ್ಬುತ್ತಿತ್ತು. ಪ್ರತಿ ವರ್ಷ ನಾನು ಇನ್ನೊಂದು ಪದರ ಬಳಿಯುತ್ತಿದ್ದೆ. ನಿಮ್ಮಮ್ಮ "ಇಲ್ಲೇನೋ ವಾಸನೆ ರೀ" ಎಂದರೆ, "ಗಾರೆ ಮೇಸ್ತ್ರಿ ನಾನಾ ನೀನಾ?" ಎಂದು ಬಾಯಿ ಮುಚ್ಚಿಸಿದ್ದೆ. ಆ ಗೋಡೆಗೆ ತಾಗಿಸಿ ನಿನ್ನ ಮಂಚ ಹಾಕಿದ್ದೆವು.

ಚಿಕ್ಕಮ್ಮನ ಮನೆಗೆ ಹೋದ ಎರಡೇ ತಿಂಗಳಿಗೆ ನಿನ್ನ ಕೆಮ್ಮು ನಿಂತಿತು. ರಜೆಗೆ ಬಂದರೆ ನಾಲ್ಕನೇ ದಿನಕ್ಕೆ ಮತ್ತೆ ಶುರು. ಈ ಊರಿನ ಹವೆ ಮಗುವಿಗೆ ಆಗಿಬರುವುದಿಲ್ಲ ಎಂದೆವು. ಎದುರು ಮನೆ ಮಕ್ಕಳಿಗೆ ಅದೇ ಹವೆ ಆಗಿಬಂದಿತ್ತಲ್ಲ, ಅದನ್ನು ನಾನು ಕೇಳಿಕೊಳ್ಳಲೇ ಇಲ್ಲ. ಹವೆಯಲ್ಲ ಕಣೇ. ನನ್ನ ಗೋಡೆ. ನೀನು ಹೈಸ್ಕೂಲು ಮುಗಿಸಿದ್ದು, ಉದ್ದವಾದದ್ದು, ಜಡೆ ಕತ್ತರಿಸಿಕೊಂಡದ್ದು, ಒಂದನ್ನೂ ನಾನು ನೋಡಲಿಲ್ಲ. ಮಗಳನ್ನು ಮನೆಯಿಂದ ಹೊರಗೆ ಹಾಕಿದ್ದು ಈ ಕೈ.

ಇದನ್ನು ಹೇಳಿ ಕ್ಷಮಿಸು ಎನ್ನುವುದಕ್ಕೂ ನಾಚಿಕೆಯಾಗುತ್ತದೆ. ಮನೆ ತಗೋ.

ಅಪ್ಪ


ಏಪ್ರಿಲ್ ೬

ಅಪ್ಪಾ,

ಮೂರು ವಾರ ಬರೆಯಲಿಲ್ಲ. ನಾಲ್ಕು ಸಲ ಕೂತೆ, ನಾಲ್ಕು ಸಲ ಹರಿದೆ. ಮೊದಲು ಸುದ್ದಿ ಹೇಳಿಬಿಡುತ್ತೇನೆ. ಮನೆ ಪತ್ರಕ್ಕೆ ಸಹಿ ಹಾಕಿದೆ! ಬೀಗದ ಕೈ ಕುತ್ತಿಗೆಗೆ ದಾರ ಕಟ್ಟಿ ಹಾಕಿಕೊಂಡಿದ್ದೇನೆ. ಸ್ನಾನಕ್ಕೂ ತೆಗೆಯುತ್ತಿಲ್ಲ.

ಇನ್ನೊಂದು ಹೇಳಬೇಕು. ನೀವು ಬರೆದದ್ದು ನನಗೆ ಗೊತ್ತಿತ್ತು. ಐದು ವರ್ಷದಿಂದ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅಮ್ಮ ಕೊನೆಯ ವಾರ ಹೇಳಿದಳು. "ನಿನ್ನ ಕೆಮ್ಮು ಆ ಗೋಡೆದು ಕಣೇ. ನಿನ್ನ ಮಂಚದ ಕೆಳಗೆ ಒರೆಸಿದಾಗೆಲ್ಲ ಕೈಗೆ ಒದ್ದೆ ಆಗ್ತಿತ್ತು. ನಿನ್ನ ಕಳಿಸಿದ್ಮೇಲೆ ನಾನೂ ಬೆನ್ನು ನೋವು ಅಂತ ನೆಪ ಹೇಳಿ ಮುಂದಿನ ಕೋಣೆಗೆ ಬಂದ್ಬಿಟ್ಟೆ. ಅವರಿಗೆ ಹೇಳ್ಬೇಡ. ಊರೆಲ್ಲ ಅವರ ಗೋಡೆ ಸವರಿ ಹೊಗಳುತ್ತೆ, ಮನುಷ್ಯ ಕುಸಿದು ಹೋಗ್ತಾರೆ" ಎಂದಳು.

ನನಗೆ ಸಿಟ್ಟು ಬಂದಿತ್ತು ಅಪ್ಪಾ. ನಿಮ್ಮ ಮೇಲೂ, ಗೊತ್ತಿದ್ದೂ ಬಾಯಿ ಬಿಡದ ಅಮ್ಮನ ಮೇಲೂ. ಅಮ್ಮ ಹೋದ ಮೇಲೆ ಒಂದು ವರ್ಷ ನಿಮಗೆ ನಾಲ್ಕು ಸಾಲಿನ ಕಾಗದವನ್ನೇ ಬರೆದೆ. "ಕೆಲಸ ಜಾಸ್ತಿನಾ?" ಎಂದು ಕೇಳಿದಿರಿ. ಹೌದು ಎಂದೆ. ಕೆಲಸ ಇರಲಿಲ್ಲ.

ಆ ಸಿಟ್ಟು ಯಾವಾಗ ಇಳಿಯಿತೋ ಗೊತ್ತಿಲ್ಲ. ಈ ಮನೆ ಸಿಕ್ಕ ದಿನ ಮೊದಲು ಹೇಳಬೇಕು ಅನ್ನಿಸಿದ್ದು ನಿಮಗೇ. ಅಷ್ಟು ಸಾಲದಾ? ನೀವಾಗಿ ತಿಳಿದುಕೊಂಡು, ನೀವಾಗಿ ಬರೆದಿರಲ್ಲ. ನಾನು ಕೇಳದೇ ಹೇಳಿದಿರಲ್ಲ. ಬೀಗದ ಕೈ ಸಿಕ್ಕ ದಿನ ಮತ್ತೆ ಓದಿ ಅತ್ತೆ, ಈ ಸಲ ಮೆಟ್ಟಿಲ ಮೇಲಲ್ಲ, ನನ್ನ ಸ್ವಂತ ಮನೆಯೊಳಗೆ ಕೂತು.

ಈಗ ಸಾಕು. ಗೋಡೆ ಯಾರು ಕೀಳುತ್ತಾರೆ? ಇಲ್ಲಿಯ ಮೇಸ್ತ್ರಿಗಳೆಲ್ಲ ಸುಣ್ಣ ಎಂದರೆ ಬಾಯಿ ಬಾಯಿ ಬಿಡುತ್ತಾರೆ.

ಚಿನಕುರಳಿ


ಏಪ್ರಿಲ್ ೧೧

ಚಿನಕುರಳಿ,

ಯಾರು ಕೀಳುತ್ತಾರೆ ಎಂದು ಕೇಳುತ್ತೀಯಲ್ಲ, ನಾನು ಸತ್ತಿದ್ದೇನಾ?

ಉಳಿ, ಸುತ್ತಿಗೆ, ಎರಡು ಕರಣೆ ಒರೆಸಿ ಚೀಲಕ್ಕೆ ಹಾಕಿದ್ದೇನೆ. ಶನಿವಾರದ ಬಸ್ಸು. ಮಂಡಿಯ ಮಾತು ಎತ್ತಬೇಡ, ತೇವ ಇರುವುದು ಸೊಂಟದವರೆಗೆ ತಾನೆ, ಸ್ಟೂಲಿನ ಮೇಲೆ ಕೂತೇ ಕೀಳಬಹುದು. ಒಂದು ಷರತ್ತು. ಕೀಳುವ ದಿನದಿಂದ ನೀನು ಆ ಮನೆಯಲ್ಲಿ ಇರಕೂಡದು. ಆ ಧೂಳು ನಿನ್ನ ಎದೆಗಲ್ಲ. ನಾನು ಬಾ ಎನ್ನುವವರೆಗೆ ಚಿಕ್ಕಮ್ಮನ ಮನೆಯಲ್ಲಿರು.

ನಿನ್ನ ಕಾಗದ ಏಳು ಸಲ ಓದಿದೆ. ಅಷ್ಟೇ ಹೇಳುತ್ತೇನೆ.

ಅಪ್ಪ


ಆಗಸ್ಟ್ ೧೦

ಅಪ್ಪಾ,

ನಿಮ್ಮನ್ನು ನನ್ನ ಮನೆಯಲ್ಲಿ ಬಿಟ್ಟು ನಾನು ಚಿಕ್ಕಮ್ಮನ ಮನೆಗೆ ಬಂದು ನಾಲ್ಕು ತಿಂಗಳಾಗುತ್ತಾ ಬಂತು! ಮಧ್ಯೆ ಬಾಡಿಗೆ ಕೋಣೆಯ ಸಾಮಾನು ಸಾಗಿಸಲು ಬಂದಾಗಲೂ ಪ್ರೆಸ್ಸನ್ನು ಒಳಗೆ ಬಿಟ್ಟಿರಿ, ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಿರಿ. ಪ್ರೆಸ್ಸಿಗಿರುವ ಮರ್ಯಾದೆ ಮಗಳಿಗಿಲ್ಲ. ಜೂನಿನಲ್ಲಿ "ಇಟ್ಟಿಗೆ ಒಣಗುತ್ತಿದೆ" ಎಂದಿರಿ. ಜುಲೈಯಲ್ಲಿ "ಸುಣ್ಣದ ಮೊದಲ ಪದರ" ಎಂದಿರಿ. ಆಮೇಲೆ ಸುದ್ದಿಯೇ ಇಲ್ಲ! ಟೀಚರಮ್ಮನಿಗೆ ಫೋನ್ ಮಾಡಿದರೆ, "ಮೇಸ್ತ್ರಿಗಳು ಏನೂ ಹೇಳಬೇಡಿ ಅಂದಿದ್ದಾರೆ" ಎಂದು ನಗುತ್ತಾರೆ. ನನ್ನ ಮನೆಯ ಸುದ್ದಿ ನನಗೇ ಗುಟ್ಟಾ?

ಇಲ್ಲಿ ಊಟದ ಮೇಜಿನ ಮೇಲೆ ಪುಸ್ತಕ ಹೊಲಿಯುತ್ತಿದ್ದೇನೆ. ಚಿಕ್ಕಮ್ಮ, "ನಿಮ್ಮಪ್ಪನಿಗೆ ಗೋಡೆ ಒಂದು ಸಿಕ್ಕಿಬಿಟ್ರೆ ಮಗಳು ಇದ್ದಾಳೆ ಅನ್ನೋದೇ ಮರೆತುಹೋಗುತ್ತೆ" ಎಂದು ಚುಡಾಯಿಸುತ್ತಾಳೆ. ನಗುತ್ತೇನೆ. ಆದರೆ ಮೊನ್ನೆ ಬ್ಯಾಗು ಮಡಿಸಿಡುವಾಗ ಒಂಬತ್ತು ವರ್ಷದವಳಾಗಿಬಿಟ್ಟೆ. ಆಗಲೂ ಹೀಗೇ ದಿನಾ ಬಾಗಿಲ ಕಡೆ ನೋಡುತ್ತಿದ್ದೆ, ಅಪ್ಪ ಬಾ ಎನ್ನುತ್ತಾರೆ ಎಂದು.

ಗೋಡೆ ಒಣಗಲಿಲ್ಲವಾ? ಸೋತಿರಾ? ಸೋತಿದ್ದರೆ ಹೇಳಿಬಿಡಿ ಅಪ್ಪಾ, ನಾನು ತಡೆದುಕೊಳ್ಳುತ್ತೇನೆ. ಸುಮ್ಮನಿರಬೇಡಿ.

ಚಿನಕುರಳಿ


ಸೆಪ್ಟೆಂಬರ್ ೧

ಚಿನಕುರಳಿ,

ಬೈಯುವುದೆಲ್ಲ ಆಮೇಲೆ ಬೈ. ಮೊದಲು ಕೇಳು.

ಗೋಡೆ ಜುಲೈ ಕೊನೆಗೇ ಮುಗಿದಿತ್ತು. ಮೂರು ಪದರ ಸುಣ್ಣ, ಕನ್ನಡಿಯ ಹಾಗೆ ಇಲ್ಲ. ಒರಟು ಒರಟಾಗಿದೆ. ಕರಣೆ ತಾನಾಗಿ ನುಣುಪು ಮಾಡಲು ಹೋಗುತ್ತಿತ್ತು, ಕೈಯನ್ನು ಬೈದು ಬೈದು ನಿಲ್ಲಿಸಿದೆ. ಟೀಚರಮ್ಮ ತಾವೇ ಗುದ್ದಲಿ ಹಿಡಿದು ಪಾತಿಯ ಮಣ್ಣು ತೆಗೆದರು, ನಾನು ಬೇಡ ಎಂದರೂ ಕೇಳಲಿಲ್ಲ. ಮೂರು ಜಾಲರಿಯೂ ಈಗ ಗಾಳಿಯಲ್ಲಿವೆ. ಗಾಜು ಹಚ್ಚಿದೆ, ಪುಟ್ಟಿಯಲ್ಲೇ. ಹತ್ತು ದಿನ, ಹಿಂಭಾಗ ಒಣಗಿತ್ತು.

ಆಗಲೇ ನಿನ್ನನ್ನು ಕರೆಯಬಹುದಿತ್ತು. ಕರೆಯಲು ಧೈರ್ಯ ಬರಲಿಲ್ಲ. ಮಳೆ ಬರದೆ ಇರುವಾಗ ಯಾವ ಗೋಡೆಯೂ ಒಳ್ಳೆಯದೇ. ಹೋದ ಸಲ ಗೋಡೆ ನುಣ್ಣಗಿದೆ, ಚೆನ್ನಾಗಿದೆ ಎಂದು ನನಗೆ ನಾನೇ ಹೇಳಿಕೊಂಡು ನಿನ್ನನ್ನು ಮಲಗಿಸಿದ್ದೆ. ಅದಕ್ಕೇ ಈ ವರ್ಷ ಇಷ್ಟು ದಿನ ಕೈಕೊಟ್ಟ ಮಳೆಗೆ ಕಾದೆ. ನಿನ್ನ ಕಾಗದ ಬಂದ ದಿನವೇ ಅದೂ ಶುರುವಾಯಿತು. ಹದಿನೆಂಟು ದಿನ ಬಿಡದೆ ಹೊಡೆಯಿತು. ಬೀದಿಯಲ್ಲಿ ನೀರು ಹರಿಯುವುದು ನಿನ್ನ ಮುಂದಿನ ಕಿಟಕಿಯಲ್ಲಿ ಕಾಣುತ್ತಿತ್ತು, ಚಪ್ಪಲಿ, ಶೂಗಳ ಬದಲು ಬರೀ ಒದ್ದೆ ಬರಿಗಾಲು.

ಹಿತ್ತಲ ಗೋಡೆಗೇ ತಾಗಿಸಿ ಮಂಚ ಹಾಕಿಕೊಂಡೆ. ತಲೆ ಗೋಡೆಯ ಕಡೆ. ಹದಿನೆಂಟು ದಿನವೂ ಅಲ್ಲೇ ಮಲಗಿದೆ. ದಿನಾ ಬೆಳಿಗ್ಗೆ ಎದ್ದು ಮಂಚದ ಕೆಳಗೆ ಕೈ ಹಾಕಿ ನೋಡಿದೆ. ನಿಮ್ಮಮ್ಮ ನೋಡುತ್ತಿದ್ದ ಹಾಗೆ. ಕೈ ಒಣಗಿತ್ತು. ಹಾಸಿಗೆಗೆ ವಾಸನೆ ಇಲ್ಲ. ಬಲಗಡೆಯ ಮೂಲೆ ಅಂಗೈಯಗಲ ಇನ್ನೂ ತಣ್ಣಗಿದೆ, ಸುಳ್ಳು ಹೇಳುವುದಿಲ್ಲ. ಅಲ್ಲಿಗೆ ಕಪಾಟು ಒತ್ತಬೇಡ, ಬೇಸಿಗೆಗೆ ಅದೂ ಹೋಗುತ್ತದೆ. ಕೆಮ್ಮು ಒಂದೂ ಬರಲಿಲ್ಲ. ನಿಮ್ಮ ಕೆಮ್ಮು ನಿಮಗೇ ಎಲ್ಲಿ ಕೇಳಿಸಬೇಕು ಎನ್ನಬೇಡ, ಟೀಚರಮ್ಮನನ್ನು ಕೇಳಿದ್ದೇನೆ. "ಗೊರಕೆ ಮಾತ್ರ ಮೇಲಿನ ಮಹಡಿಗೂ ಕೇಳುತ್ತೆ, ಕೆಮ್ಮು ಇಲ್ಲ" ಎಂದರು.

ಆಗ ನೋಡದೆ ನಿನ್ನನ್ನು ಮಲಗಿಸಿದೆ. ಈ ಸಲ ಮೊದಲು ನಾನು ಮಲಗಿ ನೋಡಿದ್ದೇನೆ.

ಮನೆಗೆ ಬಾ ಮಗಳೇ.

ಅಪ್ಪ